ತಲೆಗೊಂದು ಮೊಳ

ನಮ್ಮೂರಿನ ಮೈದಾನದ ಉದ್ದ ಎಷ್ಟು ಎಂದು ಯಾರಾದರೂ ಕೇಳಿದರೆ, ಯಾವತ್ತಿನದು ಎಂದು ನಾವು ತಿರುಗಿ ಕೇಳುತ್ತೇವೆ. ಇದು ಕೊಂಕು ಮಾತಲ್ಲ. ನಮ್ಮ ಮೈದಾನದಲ್ಲಿ ಎರಡನೇ ಸಾಲು ಎಂಬುದೇ ಇಲ್ಲ. ಆಟ ನೋಡಲು ಬಂದವರೆಲ್ಲ ಸುಣ್ಣದ ಗೆರೆಗೆ ಹೆಬ್ಬೆರಳು ತಾಗಿಸಿಕೊಂಡು ಮುಂದಿನ ಸಾಲಿನಲ್ಲೇ ನಿಲ್ಲುತ್ತಾರೆ. ಐನೂರು ಜನ ಬಂದರೆ ಐನೂರು, ಸಾವಿರ ಬಂದರೆ ಸಾವಿರ. ತಲೆಗೊಂದು ಮೊಳ ಜಾಗ. ಬಂದವರಿಗೆ ಸಾಲುವಷ್ಟು ನೆಲ ಸರಿದುಕೊಳ್ಳುತ್ತದೆ, ಗೋಲುಕಂಬಗಳು ಹಿಂದಕ್ಕೆ ಹೋಗುತ್ತವೆ, ಮೂಡಲ ಕಡೆಯ ಹುಣಸೆಮರಗಳು ಇನ್ನೊಂದಿಷ್ಟು ದೂರದಲ್ಲಿ ನಿಂತಿರುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹೇಳಿಕೊಡುವಾಗ ನಮ್ಮ ಶಾಲೆಯ ಮಕ್ಕಳು ಇಂದಿಗೂ ಕಿಸಕ್ಕೆಂದು ನಗುತ್ತವೆ. ಅವು ಹುಟ್ಟಿದಾಗಿನಿಂದ ನೋಡಿರುವುದು ಕಾಲು ಚಾಚಿದಷ್ಟು ಬೆಳೆಯುವ ಹಾಸಿಗೆಯನ್ನು.

ನನ್ನ ಹೆಸರು ಜವರ. ಊರಿನವರ ಬಾಯಲ್ಲಿ ಸುಣ್ಣದ ಜವರ. ಪಂದ್ಯದ ದಿನ ಗೆರೆ ಹಾಕುವುದು ನನ್ನ ಕೆಲಸ. ಬೇರೆ ಊರುಗಳಲ್ಲಿ ಗೆರೆ ಹಾಕಿದ ಮೇಲೆ ಜನ ಬರುತ್ತಾರಂತೆ. ನಮ್ಮಲ್ಲಿ ಜನ ಬಂದ ಮೇಲೆ ಗೆರೆ. ಗೆರೆ ಹಾಕಿ ಮುಗಿದ ಮೇಲೂ ತಡವಾಗಿ ಬರುವ ಪುಣ್ಯಾತ್ಮರು ಇರುತ್ತಾರೆ. ಅವರು ಬಂದು ನಿಂತ ಜಾಗದಲ್ಲಿ ನೆಲ ಹಿಗ್ಗುತ್ತದೆ, ಸುಣ್ಣ ಹಿಗ್ಗುವುದಿಲ್ಲ. ಒಂದು ಮೊಳದಷ್ಟು ಗೆರೆ ಮಾಸಿ ತೆಳ್ಳಗಾಗುತ್ತದೆ. ನಾನು ಡಬ್ಬ ಹಿಡಿದು ಓಡಿಹೋಗಿ ಅದನ್ನು ತುಂಬಬೇಕು. ಮೂವತ್ತೊಂದು ವರ್ಷ ಹೀಗೆ ಓಡಿದ್ದೇನೆ. ತೆಳುವಾದ ಗೆರೆ ನೋಡಿದರೆ ಸಾಕು, ಅಲ್ಲಿಗೆ ಬಂದವರು ಒಬ್ಬರೋ ಇಬ್ಬರೋ ಎಂದು ಹೇಳಬಲ್ಲೆ.

ಈ ಕೆಲಸ ಕಲಿಸಿದವಳು ಮುನಿಯಕ್ಕ. ನನಗಿಂತ ಮುಂಚೆ ಇಪ್ಪತ್ತು ವರ್ಷ ಅವಳೇ ಗೆರೆ ಹಾಕುತ್ತಿದ್ದಳು. ಮೊಳಕ್ಕೊಂದು ಗಂಟು ಹಾಕಿದ ಹುರಿಹಗ್ಗ ನನ್ನ ಕೈಗೆ ಬಂದದ್ದು ಅವಳ ಕೈಯಿಂದ. ಮಂಡಿ ಹೋದ ಮೇಲೆ ಅವಳು ಆಟ ನೋಡುವ ದಾರಿಯೇ ಬೇರೆಯಾಯಿತು. ಮೂಡಲ ಮೂಲೆಯ ಬಾವುಟದ ಪಕ್ಕ ಚಾಪೆ ಹಾಸಿ, ಎರಡೂ ಕಾಲು ನೀಡಿ, ಎಲೆಅಡಿಕೆ ಚೀಲ ಬಿಚ್ಚಿಕೊಂಡು ಕೂರುತ್ತಾಳೆ. ಊರಿಗೆಲ್ಲ ತಲೆಗೊಂದು ಮೊಳವಾದರೆ ಮೈದಾನ ಅವಳಿಗೆ ಮಾತ್ರ ಎರಡು ಮೊಳ ಬಿಡುತ್ತದೆ. ಅದನ್ನು ಯಾರೂ ಪ್ರಶ್ನೆ ಮಾಡಿಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ನಮ್ಮೂರಲ್ಲಿ ಫುಟ್‌ಬಾಲ್ ಎಂದರೆ ಹೆಂಗಸರ ಆಟ. ಗಂಡಸರೂ ಆಡುತ್ತಾರೆ, ಆದರೆ ನೋಡುವವರಿಲ್ಲ. ಅವರು ಆಡುವಾಗ ಮೈದಾನ ರಾಗಿ ಕಣದಷ್ಟಿರುತ್ತದೆ, ಚೆಂಡು ಒದ್ದವನು ಗೋಲುಕಂಬಕ್ಕೆ ಹಣೆ ಹೊಡೆಸಿಕೊಂಡು ಬರುತ್ತಾನೆ. ಹೆಂಗಸರ ಕ್ಲಬ್ಬುಗಳು ಮೂರು: ಮೇಲ್ಪೇಟೆ, ಕೆಳಪೇಟೆ, ಕೊಳದಬೀದಿ. ಮೇಲ್ಪೇಟೆಯ ಕ್ಯಾಪ್ಟನ್ ಹೊನ್ನಿ ನನ್ನ ಮಗಳು.

ಆ ವರ್ಷ ಸುಗ್ಗಿ ಮುಗಿದ ಮೇಲೆ ರಾಷ್ಟ್ರೀಯ ಲೀಗಿನವರಿಂದ ಮೂರೂ ಕ್ಲಬ್ಬಿಗೆ ಕಾಗದ ಬಂತು. ದೇಶದ ಸಣ್ಣಪುಟ್ಟ ಊರುಗಳ ಕ್ಲಬ್ಬುಗಳನ್ನೆಲ್ಲ ಒಂದೇ ಏಣಿಗೆ ಸೇರಿಸುತ್ತಿದ್ದೇವೆ, ನೀವೂ ಬರುವಿರಾ ಎಂದು ಕೇಳಿದ್ದರು. ಮೇಲ್ಪೇಟೆಯ ಸೆಕ್ರೆಟರಿ ಅಂತೋಣಿ ಮೇಷ್ಟ್ರು ಶಾಲೆಯ ಜಗಲಿಯಲ್ಲಿ ಸಭೆ ಕರೆದರು. ಲೆಕ್ಕದ ಮೇಷ್ಟ್ರಾದ್ದರಿಂದ ಕರಿಹಲಗೆಯ ಮೇಲೆ ಐದು ಮೆಟ್ಟಿಲು ಬರೆದು ತೋರಿಸಿದರು.

"ನಾವು ತೀರಾ ಕೆಳಗಿನ ಮೆಟ್ಲಿಂದ ಶುರು ಮಾಡ್ಬೇಕು. ಗೆದ್ರೆ ಒಂದು ಮೆಟ್ಲು ಮೇಲಕ್ಕೆ, ಸೋತ್ರೆ ಕೆಳಕ್ಕೆ."

"ಕೆಳಗಿನ ಮೆಟ್ಲಲ್ಲೇ ಸೋತ್ರೆ ಎಲ್ಲಿಗೆ ಮೇಷ್ಟ್ರೇ?" ಎಂದರು ಕೆಳಪೇಟೆಯ ಮುಖಂಡ ಮಕ್ಬೂಲ್ ಸಾಹೇಬರು. ಅವರದು ಸೈಕಲ್ ಅಂಗಡಿ. ಪಂಕ್ಚರ್ ಹುಡುಕುವ ಕಣ್ಣು ಅಂಗಡಿ ಬಾಗಿಲು ಹಾಕಿದ ಮೇಲೂ ಮುಚ್ಚುವುದಿಲ್ಲ.

"ಮನೆಗೆ," ಎಂದರು ಮೇಷ್ಟ್ರು.

"ಹಂಗಾದ್ರೆ ಮನೇಲೇ ಇರೋಣ ಬಿಡಿ. ಇಷ್ಟು ದೂರ ಹೋಗಿ ಮನೆಗೆ ಬರೋದಕ್ಕಿಂತ ಇಲ್ಲೇ ಇದ್ರೆ ಟೈರಾದ್ರೂ ಸವೆಯಲ್ಲ."

ಜನ ಘೊಳ್ಳೆಂದು ನಕ್ಕರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಸಭೆ ಎರಡು ಗಂಟೆ ನಡೆಯಿತು. ಕೊಳದಬೀದಿಯವರು ಅತ್ತಲೂ ಇಲ್ಲ ಇತ್ತಲೂ ಇಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ಕೊನೆಗೆ ಅರ್ಜಿ ಕಳಿಸಿ ನೋಡೋಣ, ಸೇರುವುದು ಬಿಡುವುದು ಆಮೇಲೆ ಎಂದು ತೀರ್ಮಾನವಾಯಿತು. ಅರ್ಜಿಯಲ್ಲಿ ಮೈದಾನದ ಉದ್ದ ಎಷ್ಟು ಎಂದು ಒಂದು ಖಾನೆ ಇತ್ತು. ಮೇಷ್ಟ್ರು ನನ್ನನ್ನು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅವರು ಹಾಗೇ ಬರೆದರು: "ಬಂದವರನ್ನು ನೋಡಿ ಹೇಳಬೇಕು." ಎಷ್ಟು ಜನ ಪ್ರೇಕ್ಷಕರಿಗೆ ಸ್ಥಳವಿದೆ ಎಂಬಲ್ಲಿ, "ಎಲ್ಲರಿಗೂ." ಒಬ್ಬರಿಗೂ ಇದು ತಪ್ಪು ಅನ್ನಿಸಲಿಲ್ಲ. ಹದಿನೈದು ದಿನಕ್ಕೆ ಅರ್ಜಿ ವಾಪಸು ಬಂತು. ಕೆಂಪು ಶಾಯಿಯಲ್ಲಿ, "ದಯವಿಟ್ಟು ಹಾಸ್ಯ ಬೇಡ. ಅಳತೆ ಬರೆಯಿರಿ. ನಮ್ಮ ಪರಿವೀಕ್ಷಕರು ಬಂದು ಅಳೆಯುತ್ತಾರೆ. ಬರೆದದ್ದಕ್ಕೂ ನೆಲಕ್ಕೂ ಒಂದು ಗೇಣು ವ್ಯತ್ಯಾಸ ಬಂದರೂ ಅರ್ಜಿ ತಿರಸ್ಕೃತ" ಎಂದಿತ್ತು. ಮೇಷ್ಟ್ರು ನಿಯಮದ ಪುಸ್ತಕ ನೋಡಿ ಉದ್ದ ನೂರ ಐದು ಮೀಟರು, ಅಗಲ ಅರವತ್ತೆಂಟು ಎಂದು ಬರೆದು ಕಳಿಸಿಬಿಟ್ಟರು.

ನಾನಂತೂ ಆ ಏಣಿಯ ವಿಷಯ ತಲೆಗೆ ಹಚ್ಚಿಕೊಂಡಿರಲಿಲ್ಲ. ಹಚ್ಚಿದವಳು ಹೊನ್ನಿ. ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿ ಸುಣ್ಣ ಜರಡಿ ಹಿಡಿಯುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತಳು.

"ಅಪ್ಪಾ, ಒಂಬತ್ತು ವರ್ಷದಿಂದ ಅದೇ ಕೆಳಪೇಟೆ, ಅದೇ ಕೊಳದಬೀದಿ. ಅವ್ರು ಯಾವ ಕಡೆ ತಿರುಗ್ತಾರೆ ಅಂತ ಅವ್ರಿಗಿಂತ ಮೊದ್ಲು ನಂಗೆ ಗೊತ್ತಾಗ್ತದೆ. ನಾನು ಎಷ್ಟರವಳು ಅನ್ನೋದು ಮಾತ್ರ ಗೊತ್ತಿಲ್ಲ."

"ನಮ್ಮೂರಿಗೆ ನೀನೇ ಮೊದಲ್ನೇವಳು ಕಣವ್ವ."

"ಅದೇ ನಾನು ಹೇಳ್ತಿರೋದು. ಇಲ್ಲಿ ಮೊದಲ್ನೇವಳು. ಬೇರೆ ಕಡೆ ಐನೂರನೇವಳೋ ಏನೋ. ಐನೂರು ಅಂತ ಗೊತ್ತಾದ್ರೂ ಸಾಕು, ಸುಮ್ನಿರ್ತೀನಿ. ಈಗ ಇಪ್ಪತ್ನಾಲ್ಕು. ಇನ್ನು ನಾಲ್ಕೈದು ವರ್ಷಕ್ಕೆ ಕಾಲು ಭಾರ ಆಗ್ತವೆ. ಆಮೇಲೆ ಅಳೆಯೋಕೆ ಏನಿರ್ತದೆ?"

ಅವಳು ಎದ್ದುಹೋದ ಮೇಲೆ ನನಗೆ ಜರಡಿ ಮುಂದಕ್ಕೆ ಹೋಗಲಿಲ್ಲ. ಮೂವತ್ತೊಂದು ವರ್ಷ ಊರಿಗೆಲ್ಲ ಅಳತೆ ಹಾಕಿಕೊಟ್ಟವನು ನಾನು. ನನ್ನ ಮಗಳು ಒಂದು ಅಳತೆ ಕೇಳಿದ್ದಾಳೆ, ಅದು ನನ್ನ ಹಗ್ಗದಲ್ಲಿಲ್ಲ. ಆ ದಿನವೇ ನಿಶ್ಚಯ ಮಾಡಿದೆ, ಮೈದಾನ ನೂರ ಐದು ಮೀಟರು ಬಂದೇ ಬರಬೇಕು.

ನೂರ ಐದು ಉದ್ದ, ಅರವತ್ತೆಂಟು ಅಗಲ. ಸುತ್ತಳತೆಯನ್ನು ಹಗ್ಗದ ಗಂಟಿಗೆ ಇಳಿಸಿದರೆ ಏಳುನೂರ ಐವತ್ತೇಳು ಗಂಟು. ಎಂದರೆ ಏಳುನೂರ ಐವತ್ತೇಳು ಜನ, ಒಬ್ಬರು ಹೆಚ್ಚಿಲ್ಲ ಒಬ್ಬರು ಕಡಿಮೆಯಿಲ್ಲ. ಬರುವ ಪರಿವೀಕ್ಷಕರೂ ಒಬ್ಬರಾದ್ದರಿಂದ ಊರಿನವರು ಏಳುನೂರ ಐವತ್ತಾರು. ನಮ್ಮೂರಿನ ಜನಸಂಖ್ಯೆ ಮೂರು ಸಾವಿರದ ಹತ್ತಿರ. ಮನೆಮನೆಗೂ ಹೋಗಿ ಚೀಟಿ ಎತ್ತಿಸಿದೆವು. ಹೆಸರು ಬಂದವರು ಮೈದಾನಕ್ಕೆ, ಬಾರದವರು ಅವತ್ತೊಂದು ದಿನ ಮನೆಯಲ್ಲಿ. ಊರು ಹುಟ್ಟಿದ ಮೇಲೆ ಮೈದಾನಕ್ಕೆ ಬರಬೇಡ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು. ಜನ ಬೇಸರ ಮಾಡಿಕೊಳ್ಳಲಿಲ್ಲ, ಏಕೆಂದರೆ ಬೇಸರ ಮಾಡಿಕೊಳ್ಳಬೇಕು ಎಂದೇ ಅವರಿಗೆ ಗೊತ್ತಿರಲಿಲ್ಲ.

ಮುನಿಯಕ್ಕನ ಚೀಟಿ ಎದ್ದಿತ್ತು. ಆದರೆ ಅವಳಿಗೆ ಎರಡು ಮೊಳ ಬೇಕು. ಅವಳನ್ನು ಎರಡು ತಲೆ ಎಂದು ಹಿಡಿದು ಇನ್ನೊಬ್ಬರನ್ನು ಬಿಡಬಹುದಿತ್ತು, ಅಷ್ಟೇನೂ ತಿಳಿಯದವನಲ್ಲ ನಾನು. ಆದರೆ ಆ ಇನ್ನೊಬ್ಬರು ಜಗಳಕ್ಕೆ ಬರುತ್ತಿದ್ದರು. ಮುನಿಯಕ್ಕ ಜಗಳಕ್ಕೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳ ಬದಲಿಗೆ ಬೇರೊಂದು ಚೀಟಿ ಎತ್ತಿದೆ. ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

ಅವಳ ಮನೆಗೆ ಹೋದಾಗ ಚಾಪೆಯನ್ನು ಬಿಸಿಲಿಗೆ ಹಾಕಿ ಕೊಡವುತ್ತಿದ್ದಳು. ಪರಿವೀಕ್ಷಕರು ಬರುತ್ತಾರೆ ಎಂದು ಚಾಪೆಗೆ ಹೊಸ ಅಂಚು ಹೊಲಿಸಿದ್ದಳು.

"ಅಕ್ಕ, ಅವತ್ತೊಂದಿನ ನೀನು ಬರೋದು ಬ್ಯಾಡ. ಲೆಕ್ಕ ತಪ್ತದೆ," ಎಂದೆ.

ಅವಳು ಚಾಪೆ ಕೊಡವುವುದನ್ನು ನಿಲ್ಲಿಸಲಿಲ್ಲ. "ಹೊನ್ನಿಗೋಸ್ಕರಾನಾ?"

"ಹೂಂ."

"ಹಂಗಾದ್ರೆ ಸರಿ ಬಿಡಪ್ಪ. ಮಗೀಗೆ ಒಳ್ಳೇದಾಗ್ಲಿ." ಚಾಪೆಯನ್ನು ಇನ್ನೆರಡು ಸಲ ಕೊಡವಿ, "ನಾನೂ ಇಪ್ಪತ್ತು ವರ್ಷ ಗೆರೆ ಹಾಕ್ದೆ ಕಣೋ ಜವರ. ಬಂದೋರನ್ನ ಎಣಿಸ್ತಿದ್ದೆ. ಬರಬ್ಯಾಡದೋರನ್ನ ಎಣಿಸ್ಬೇಕು ಅಂತ ನಂಗೊತ್ತೇ ಇರ್ಲಿಲ್ಲ ನೋಡು," ಎಂದು ಚಾಪೆ ಸುತ್ತಿ ಒಳಗಿಟ್ಟಳು.

ಪರಿವೀಕ್ಷಕರ ಹೆಸರು ಗುಡಗುಂಟಿ. ಬಡಗಣ ಸೀಮೆಯವರು, ತೆಳ್ಳನೆಯ ದೇಹ, ಮೂವತ್ತು ವರ್ಷದಿಂದ ಮೈದಾನ ಅಳೆದು ಅಳೆದು ಒಂದೇ ಅಳತೆಯ ಹೆಜ್ಜೆ ಹಾಕುವ ಮನುಷ್ಯ. ಉಕ್ಕಿನ ಟೇಪಿನ ದೊಡ್ಡ ಗಾಲಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಸ್ಸಿಳಿದರು. ಅವತ್ತು ಮೇಲ್ಪೇಟೆಗೂ ಕೆಳಪೇಟೆಗೂ ಪಂದ್ಯ ಇಟ್ಟಿದ್ದೆವು. ಏಳುನೂರ ಐವತ್ತಾರು ಜನ ಒಗೆದ ಬಟ್ಟೆ ತೊಟ್ಟು, ಉಸಿರು ಬಿಗಿಹಿಡಿದು ಗೆರೆಯ ಸುತ್ತ ನಿಂತಿದ್ದರು. ಟೇಪಿನ ಸೊನ್ನೆಯ ತುದಿ ನಾನು ಹಿಡಿದೆ. ಗುಡಗುಂಟಿಯವರು ಗಾಲಿ ಬಿಚ್ಚುತ್ತಾ ಆಚೆ ಗೋಲಿಗೆ ಹೋದರು.

"ನೂರಾ ಐದು!" ಎಂದು ಅಲ್ಲಿಂದ ಕೂಗಿದರು. ಅಗಲವೂ ಸರಿಯಾಗಿ ಅರವತ್ತೆಂಟು. "ಭಾಳ ಚಲೋ ಅದರೀ. ಇಷ್ಟು ನಿಖರ ಗ್ರೌಂಡ್ ನಾ ನೋಡೇ ಇಲ್ಲ. ಬಿಸಿಲಿಗೆ ಟೇಪು ಹಿಗ್ಗತದ, ಆಟ ಸುರು ಆಗೂ ಮುಂದ ಇನ್ನೊಮ್ಮೆ ಅಳದು ಸಹಿ ಮಾಡ್ತೀನಿ."

ಅಂತೋಣಿ ಮೇಷ್ಟ್ರ ಕಣ್ಣಲ್ಲಿ ನೀರು. ಮಕ್ಬೂಲ್ ಸಾಹೇಬರೂ ಆ ಹೊತ್ತಿಗೆ ತಕರಾರು ತೆಗೆಯಲಿಲ್ಲ. ನನಗೆ ಎದೆ ಹಗುರಾಗಿತ್ತು ಎಂದರೆ ಸುಳ್ಳಾದೀತು. ಏಕೆಂದರೆ ಅಷ್ಟರಲ್ಲಿ ಹೊನ್ನಿ ಚೆಂಡು ಕಂಕುಳಲ್ಲಿ ಇಟ್ಟುಕೊಂಡು ಮೂಡಲ ಮೂಲೆಗೆ ಹೋಗಿ ನಿಂತಿದ್ದಳು. ಪ್ರತಿ ಪಂದ್ಯಕ್ಕೂ ಮುಂಚೆ ಮುನಿಯಕ್ಕನ ಕೈಯಿಂದ ಒಂದು ಚೂರು ಅಡಿಕೆ ಈಸಿಕೊಂಡು ಬಾಯಿಗೆ ಹಾಕಿಕೊಳ್ಳುವುದು ಅವಳ ರೂಢಿ.

"ಅಪ್ಪಾ, ಅಜ್ಜಿ ಎಲ್ಲಿ? ಚೀಟಿ ಎದ್ದಿತ್ತಲ್ಲ."

"ಬರಬ್ಯಾಡ ಅಂದಿದ್ದೀನಿ. ಎರಡು ಮೊಳ ಆಗ್ತಿತ್ತು."

"ಯಾರು ಬ್ಯಾಡ ಅಂದೋರು?"

"ನಾನೇ ಕಣವ್ವ. ನಿಂಗೋಸ್ಕರ."

ಅವಳು ಕೂಗಾಡಲಿಲ್ಲ. ಚೆಂಡನ್ನು ನನ್ನ ಕೈಗಿಟ್ಟಳು. "ಅಜ್ಜೀನ ಕಳೆದು ನನ್ನ ಅಳತೆ ಮಾಡಿಸ್ಬ್ಯಾಡ ಅಪ್ಪ," ಎಂದವಳೇ ಬೂಟುಗಾಲಲ್ಲೇ ಊರಿನ ಕಡೆ ನಡೆದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಆ ತುತ್ತನ್ನು ತಾನೇ ಕೆಳಗಿಟ್ಟು ಹೋಗುತ್ತಿದ್ದಾಳೆ. ನನಗೆ ಸಂಕಟವಾಯಿತು, ಜೊತೆಗೆ ಇವಳು ನನ್ನ ಮಗಳು ಎಂದು ಹೆಮ್ಮೆಯೂ ಆಯಿತು. ಎರಡೂ ಒಟ್ಟೊಟ್ಟಿಗೆ ಆಗುತ್ತವೆ ಎಂದು ನನಗೆ ಅವತ್ತು ತಿಳಿಯಿತು.

ಹೊನ್ನಿ ಹೋದದ್ದು ಗುಡಗುಂಟಿಯವರಿಗೆ ಗೊತ್ತಿಲ್ಲ. ಎರಡನೇ ಅಳತೆ ಮುಗಿಸೋಣ ಬರ್ರೀ ಎಂದು ಕರೆದರು. ನಾನು ಸೊನ್ನೆ ಹಿಡಿದು ಕೂತೆ. ಅವರು ಗಾಲಿ ಬಿಚ್ಚುತ್ತಾ ಹೊರಟರು. ಅವರು ನಡುಗೆರೆ ದಾಟುವ ಹೊತ್ತಿಗೆ ಮೂಡಲ ಕಡೆ ಹುಣಸೆಮರಗಳ ನಡುವೆ ಹೊನ್ನಿ ಕಾಣಿಸಿಕೊಂಡಳು. ಒಂದು ಕೈಯಲ್ಲಿ ಸುತ್ತಿದ ಚಾಪೆ, ಇನ್ನೊಂದು ಕೈಯಲ್ಲಿ ಮುನಿಯಕ್ಕನ ತೋಳು. ಅವರ ಹಿಂದೆ ಮುನಿಯಕ್ಕನ ಬೀದಿಯ ಜನ, ಅವರ ಹಿಂದೆ ಪೇಟೆಯವರು. ಚೀಟಿ ಬಾರದವರೆಲ್ಲ ಬಾಗಿಲಲ್ಲೇ ಕೂತು ಮೈದಾನದ ಸದ್ದಿಗೆ ಕಿವಿಗೊಟ್ಟಿದ್ದರಂತೆ. ಹೊನ್ನಿ ಅಜ್ಜಿಯನ್ನು ಕರೆದುಕೊಂಡು ಹೋಗುವುದನ್ನು ನೋಡಿ ಒಬ್ಬೊಬ್ಬರಾಗಿ ಎದ್ದು ಬಂದಿದ್ದರು. ಒಲೆ ಆರಿಸಿ ಬಂದವರು, ಅಂಗಡಿ ಬಾಗಿಲು ಎಳೆದು ಬಂದವರು, ನಾಲ್ಕು ದಿನದ ಬಾಣಂತಿ, ಅವಳ ಮಗು, ಕಣ್ಣಿಲ್ಲದ ತಮಟೆ ಚಿನ್ನಪ್ಪ. ಎಷ್ಟೇ ದೊಡ್ಡ ಪಂದ್ಯವಾದರೂ ಊರಲ್ಲಿ ಯಾರಾದರೂ ಉಳಿದೇ ಉಳಿಯುತ್ತಾರೆ, ಕಾಯಿಲೆಯವರೋ ಕಾವಲಿನವರೋ. ಅವತ್ತು ಒಬ್ಬರೂ ಉಳಿಯಲಿಲ್ಲ.

ನನ್ನ ಕೈಯಲ್ಲಿದ್ದ ಟೇಪು ಮೊದಲು ಸಣ್ಣಗೆ ನಡುಗಿತು. ಆಮೇಲೆ ಎಳೆಯತೊಡಗಿತು.

ಗುಡಗುಂಟಿಯವರು ನಡೆಯುತ್ತಲೇ ಇದ್ದರು. ಗೋಲುಕಂಬ ಅವರ ಮುಂದೆ ಅದೇ ದೂರದಲ್ಲಿ ನಿಂತೇ ಇತ್ತು. ಒಮ್ಮೆ ನಿಂತು ಕಣ್ಣುಜ್ಜಿಕೊಂಡು ಮತ್ತೆ ನಡೆದರು. ಗಾಲಿಯಲ್ಲಿದ್ದ ನೂರೈವತ್ತು ಮೀಟರು ಮುಗಿದು ಟೇಪು ಟಂಗೆಂದು ಬಿಗಿಯಾಯಿತು. ಅವರು ಗಾಲಿಯನ್ನು ಹುಲ್ಲಿನ ಮೇಲಿಟ್ಟು ಬರಿಗೈಯಲ್ಲಿ ಮುಂದಕ್ಕೆ ಹೋದರು. ನಾನು ಸೊನ್ನೆಯನ್ನು ಬಿಡದೆ ಕೂತೇ ನೋಡುತ್ತಿದ್ದೆ. ಅವರು ಮೊಣಕಾಲೆತ್ತರದವರಾದರು, ಆಮೇಲೆ ಗೇಣುದ್ದ, ಆಮೇಲೆ ಹುಲ್ಲಿನ ಮೇಲೊಂದು ಎಳ್ಳು. ಎಡಕ್ಕೆ ನೋಡಿದರೆ ಜನ, ಬಲಕ್ಕೆ ನೋಡಿದರೆ ಜನ, ಎಲ್ಲರೂ ಒಂದೇ ಸಾಲು. ಒಬ್ಬರ ತಲೆ ಇನ್ನೊಬ್ಬರಿಗೆ ಅಡ್ಡವಿಲ್ಲ. ಬಾಣಂತಿಯ ಕೂಸಿಗೂ ಅದರದೇ ಒಂದು ಮೊಳ ಬಿಟ್ಟಿತ್ತು, ತಾಯಿ ಅಲ್ಲಿ ಬಟ್ಟೆ ಹಾಸಿ ಅದನ್ನು ಮಲಗಿಸಿದಳು. ಮೂವತ್ತೊಂದು ವರ್ಷ ಈ ನೆಲದ ಮೇಲೆ ಓಡಾಡಿದವನು ನಾನು. ಅದರ ಮೈಯಲ್ಲಿ ಇಷ್ಟು ಜಾಗ ಇದೆಯೆಂದು ನನಗೂ ಗೊತ್ತಿರಲಿಲ್ಲ. ನನಗೆ ಭಯವಾಯಿತು. ಕೈಮುಗಿಯಬೇಕು ಅನ್ನಿಸಿತು, ಎರಡೂ ಕೈಯಲ್ಲಿ ಟೇಪು ಇತ್ತು.

ಗೆರೆಯಂತೂ ಮಾಯವೇ ಆಯಿತು. ನನ್ನ ಮೂರು ಡಬ್ಬ ಸುಣ್ಣ ಪಡುವಲ ಬದಿಗೇ ಮುಗಿಯಿತು. ಆಗ ಜನ ತಾವೇ ಓಡಿದರು. ಗೋಡೆಗೆ ಬಳಿಯಲು ನೆನೆಹಾಕಿದ್ದ ಸುಣ್ಣ ಬಂತು, ರಂಗೋಲಿ ಪುಡಿ ಬಂತು, ಮಕ್ಬೂಲ್ ಸಾಹೇಬರು ಟ್ಯೂಬಿಗೆ ಹಾಕುವ ಬಿಳಿ ಪುಡಿ ತಂದರು. ಎಲ್ಲರೂ ತಮ್ಮ ಕಾಲ ಮುಂದಿನ ಒಂದೊಂದು ಮೊಳ ಬಳಿದುಕೊಂಡರು. ಮುನಿಯಕ್ಕ ಎಲೆಅಡಿಕೆ ಚೀಲದಿಂದ ಸುಣ್ಣದ ಕಾಯಿ ತೆಗೆದು, ತೋರುಬೆರಳಲ್ಲಿ ತನ್ನ ಎರಡು ಮೊಳ ಗೆರೆ ಎಳೆದಳು. ಬೆರಳು ಸ್ವಲ್ಪವೂ ಅತ್ತಿತ್ತ ಸರಿಯಲಿಲ್ಲ.

ಆಟ ನಡೆಯಿತು. ಅಷ್ಟು ದೊಡ್ಡ ಬಯಲಿನಲ್ಲಿ ಇಪ್ಪತ್ತೆರಡು ಜನ ಹೇಗೆ ಆಡಿದರೋ ಅವರನ್ನೇ ಕೇಳಬೇಕು. ಎಷ್ಟು ಗೋಲು ಎಂಬುದೂ ಯಾರಿಗೂ ಸರಿಯಾಗಿ ನೆನಪಿಲ್ಲ. ನೆನಪಿರುವುದು ಒಂದೇ. ಹೊನ್ನಿ ನನ್ನ ಪಕ್ಕದ ಗೋಲಿನಿಂದ ಚೆಂಡು ತೆಗೆದುಕೊಂಡು ಹೊರಟಳು, ನಿಲ್ಲಲಿಲ್ಲ. ಅಡ್ಡ ಬಂದವರು ಅರ್ಧ ದಾರಿಗೇ ಸುಸ್ತಾಗಿ ಕೂತರು. ನಾನೂರು ಮೀಟರು ಉದ್ದಕ್ಕೂ ಚೆಂಡು ಅವಳ ಪಾದಕ್ಕೆ ಅಂಟಿದ ಹಾಗಿತ್ತು. ಅವಳು ಹೋದ ಹಾಗೆಲ್ಲ ಜನರ ಕೂಗು ಅವಳ ಜೊತೆಗೇ ಹೋಯಿತು, ಕೊನೆಗೆ ಆ ತುದಿಯಲ್ಲಿ ಒಂದು ಸಣ್ಣ ಕೇಕೆ ಎದ್ದಾಗ ಗೋಲಾಯಿತು ಎಂದು ನಮಗೆ ತಿಳಿಯಿತು. ಅವತ್ತು ನಿಂತಿದ್ದವರನ್ನು ಯಾರನ್ನೇ ಕೇಳಿ, ಹೊನ್ನಿ ನನ್ನ ಮುಂದೆಯೇ ಹಾದುಹೋದಳು ಎನ್ನುತ್ತಾರೆ. ಆಚೆ ಬದಿಯವರೂ ಹಾಗೇ ಹೇಳುತ್ತಾರೆ, ಈಚೆ ಬದಿಯವರೂ. ತಮಟೆ ಚಿನ್ನಪ್ಪನೂ.

ಸಂಜೆ ನಾಲ್ಕೂವರೆಗೆ ಗುಡಗುಂಟಿಯವರು ಅಷ್ಟುದ್ದ ನಡೆದು ವಾಪಸು ಬಂದರು. ಪ್ಯಾಂಟಿಗೆಲ್ಲ ಹುಲ್ಲಿನ ಬೀಜ. ನನ್ನ ಪಕ್ಕ ನೆಲದ ಮೇಲೆ ಕೂತು ಒಂದೊಂದೇ ಬೀಜ ಕೀಳತೊಡಗಿದರು. ನಾನು ಚೀಟಿಯ ವಿಷಯ, ಏಳುನೂರ ಐವತ್ತೇಳರ ವಿಷಯ ಎಲ್ಲವನ್ನೂ ಬಾಯಿಬಿಟ್ಟೆ.

"ಮೂವತ್ತು ವರ್ಷ ಆತ್ರೀ ಗ್ರೌಂಡ್ ಅಳ್ಯಾಕ ಹತ್ತಿ," ಎಂದರು. "ಅಳದು ಬರದು ಹೊಂಟು ಬಿಡ್ತೀನಿ. ಯಾರೂ ನನಗ ಆಟ ನೋಡಾಕ ನಿಲ್ಲರೀ ಅಂದಿದ್ದಿಲ್ಲ. ಇವತ್ತ ಅಲ್ಲಿ ಹೋಗಿ ನಿಂತ್ರ ನನ್ನ ಕಾಲಿನ ಮುಂದೂ ಒಂದು ಮೊಳ ಬಿಟ್ಟಿತ್ತು."

"ಏನಂತ ಬರೀತೀರಿ ಸ್ವಾಮಿ?"

"ನಿಮ್ಮ ಮೊದಲಿನ ಅರ್ಜಿ ಕೊಡ್ರಿ." ಮೇಷ್ಟ್ರು ಅದನ್ನು ಜೋಪಾನವಾಗಿ ಇಟ್ಟಿದ್ದರು. ಬಂದವರನ್ನು ನೋಡಿ ಹೇಳಬೇಕು ಎಂಬುದರ ಮೇಲಿದ್ದ ಕೆಂಪು ಶಾಯಿಯನ್ನು ಹೊಡೆದುಹಾಕಿ ಗುಡಗುಂಟಿಯವರು ಕೆಳಗೆ ಸಹಿ ಮಾಡಿದರು. "ಇದ ಖರೆ ಅದ. ಆದ್ರ ಇದನ್ನ ಅವರು ಒಪ್ಪಂಗಿಲ್ಲ, ಹೇಳಿರ್ತೀನಿ," ಎಂದರು. ಬಸ್ಸು ಹತ್ತುವ ಮುಂಚೆ ಹೊನ್ನಿಯ ಹತ್ತಿರ ಹೋಗಿ ಏನೋ ಹೇಳಿದರು. ಏನೆಂದು ಅವಳು ನನಗೆ ಹೇಳಲಿಲ್ಲ, ಮೂರು ದಿನ ನಗುನಗುತ್ತಾ ಇದ್ದಳು.

ಅವರು ಹೇಳಿದಂತೆಯೇ ಲೀಗಿನವರು ಮೈದಾನವನ್ನು ಒಪ್ಪಲಿಲ್ಲ. ಆದರೆ ಅದೇ ಕಾಗದದ ಕೊನೆಯಲ್ಲಿ, ಪರಿವೀಕ್ಷಕರ ವಿಶೇಷ ಶಿಫಾರಸಿನ ಮೇರೆಗೆ, ಎಲ್ಲ ಪಂದ್ಯಗಳನ್ನೂ ಪರಊರಿನಲ್ಲೇ ಆಡುವುದಾದರೆ ಕ್ಲಬ್ಬುಗಳು ಸೇರಬಹುದು ಎಂದಿತ್ತು. ಶಾಲೆಯ ಜಗಲಿಯಲ್ಲಿ ಮತ್ತೆ ಸಭೆ. ಮನೆಯಲ್ಲಿ ಒಂದೂ ಪಂದ್ಯ ಆಡದೆ ಏಣಿ ಹತ್ತಿ ಏನು ಭಾಗ್ಯ ಎಂದು ಕೆಳಪೇಟೆ ಹಿಂದೆ ಸರಿಯಿತು. ಕೊಳದಬೀದಿ ಇನ್ನೊಂದು ವರ್ಷ ನೋಡೋಣ ಎಂದಿತು. ಮೇಲ್ಪೇಟೆಯಲ್ಲಿ ಕೈ ಎತ್ತಲು ಹೇಳಿದಾಗ ಮೊದಲು ಎದ್ದದ್ದು ಮುನಿಯಕ್ಕನ ಕೈ. ಅವಳನ್ನು ನೋಡಿ ನಾನೂ ಎತ್ತಿದೆ.

ಮೊದಲ ಪಂದ್ಯ ಎರಡು ಹಗಲಿನ ರೈಲು ದಾರಿಯ ಒಂದು ನಗರದಲ್ಲಿ. ಅರ್ಧ ಊರು ಹೊರಟಿತು. ಸೇರುವುದಿಲ್ಲ ಎಂದ ಮಕ್ಬೂಲ್ ಸಾಹೇಬರು ಪಂಪು ಸಮೇತ ಬಂದರು. ಅಲ್ಲಿಯ ಮೈದಾನಕ್ಕೆ ಮುಂಜಾನೆಯೇ ಯಾರೋ ಗೆರೆ ಹಾಕಿ ಮುಗಿಸಿದ್ದರು. ನಾನು ಹೆಜ್ಜೆಯಲ್ಲಿ ಅಳೆದೆ, ನೂರ ಐದು. ಜನ ತುಂಬಿದರು, ಇನ್ನೂ ತುಂಬಿದರು. ನೆಲ ಕದಲಲಿಲ್ಲ. ನಮ್ಮವರು ಒಬ್ಬರ ಬೆನ್ನು ನೋಡಿಕೊಂಡು ನಿಲ್ಲುವುದು ಹೇಗೆ ಎಂದೇ ತಿಳಿಯದೆ ಕಕ್ಕಾಬಿಕ್ಕಿಯಾಗಿ ನಿಂತರು. ಚಾಪೆ ಹಿಡಿದ ಮುನಿಯಕ್ಕ ಎತ್ತರದ ಗಂಡಸರ ಹಿಂದೆ ಕಾಣೆಯಾದಳು. ಅವಳನ್ನು ಹುಡುಕಲೂ ನನಗಾಗಲಿಲ್ಲ, ಆಟ ಶುರುವಾಗಿತ್ತು.

ನಾವು ಮೂರಕ್ಕೆ ಎರಡರಲ್ಲಿ ಸೋತೆವು. ಎರಡನ್ನೂ ಹೊನ್ನಿಯೇ ಹೊಡೆದಳು. ಮುಗಿದ ಮೇಲೆ ಮಂಡಿ ತರಚಿಕೊಂಡು, ಬೆವರಲ್ಲಿ ನೆಂದು ಬಂದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಗೆದ್ದ ದಿನಗಳಲ್ಲೂ ನೋಡಿರಲಿಲ್ಲ.

"ಗೊತ್ತಾಯ್ತೇನವ್ವ?" ಎಂದೆ.

"ಗೊತ್ತಾಯ್ತಪ್ಪ! ಅವ್ರ ಹತ್ತನೇ ನಂಬರಿನವಳು ನಂಗಿಂತ ಜೋರು. ಜಾಸ್ತಿ ಇಲ್ಲ, ಒಂದು ಗೇಣು," ಎಂದು ಬೆರಳು ಅಗಲಿಸಿ ತೋರಿಸಿ ನಕ್ಕಳು. "ಬರೋ ತಿಂಗಳು ಇನ್ನೊಂದು ಆಟ ಐತೆ ಅವ್ರ ಜೊತೆ. ನೋಡ್ತಿರು."

ಜನ ಕರಗುತ್ತಿದ್ದರು. ಆಚೆ ಬದಿಯಲ್ಲಿ ಮೈದಾನದ ಗೆರೆ ಹಾಕುವವನು ಡಬ್ಬ ಹಿಡಿದು ಬಗ್ಗಿ ನಿಂತು ತಲೆ ಕೆರೆಯುತ್ತಿದ್ದ. ನನ್ನ ವಯಸ್ಸಿನವನೇ. ಅವನ ಭಾಷೆ ನನಗೆ ಬರುವುದಿಲ್ಲ, ನನ್ನದು ಅವನಿಗೆ. ಆದರೆ ನನ್ನ ಬೆರಳ ಸಂದಿಯ ಬಿಳುಪು ನೋಡಿ ಅವನಿಗೆ ನಾನು ಯಾರೆಂದು ಗೊತ್ತಾಯಿತು. ಕೈಹಿಡಿದು ಕರೆದುಕೊಂಡು ಹೋಗಿ ನೆಲ ತೋರಿಸಿದ. ಮುಂಜಾನೆ ದಪ್ಪಗೆ, ಒಂದೇ ಸಮ ಎಳೆದಿದ್ದ ಗೆರೆ ಆ ಒಂದು ಕಡೆ ಮಾಸಿ, ತೆಳ್ಳಗಾಗಿ, ಅಡಿಯ ಹುಲ್ಲು ಕಾಣುತ್ತಿತ್ತು. ಯಾರೂ ತುಳಿದ ಗುರುತಿಲ್ಲ. ಎಳೆದು ಹಿಗ್ಗಿಸಿದ ಹಾಗಿತ್ತು.

ನಾನು ಬಗ್ಗಿ ಮೊಣಕೈ ಊರಿ ಅಳೆದೆ. ಎರಡು ಮೊಳ.

ತಲೆ ಎತ್ತಿದೆ. ಗೆರೆಗೆ ಹಿಮ್ಮಡಿ ತಾಗಿಸಿಕೊಂಡು, ಕಾಲು ನೀಡಿ, ಮುಂದಿನ ಸಾಲಿನಲ್ಲಿ ಮುನಿಯಕ್ಕ ಚಾಪೆಯ ಮೇಲೆ ಕೂತಿದ್ದಳು. ಎಡಬಲದಲ್ಲಿ ಆ ಊರಿನ ಇಬ್ಬರು ಹೆಂಗಸರು ಅವಳು ಕೊಟ್ಟ ಎಲೆಅಡಿಕೆ ಜಗಿಯುತ್ತಿದ್ದರು.

"ಏನೋ ಜವರ, ಹಂಗೆ ನೋಡ್ತೀಯ?" ಎಂದಳು. "ಗೆರೆ ತೆಳುವಾಗೈತೆ. ತುಂಬು."

ಚೀಲದಿಂದ ಸುಣ್ಣದ ಕಾಯಿ ತೆಗೆದು ನನ್ನ ಕೈಗಿಟ್ಟಳು. ಆ ಊರಿನವನು ನೋಡುತ್ತಾ ನಿಂತ. ನಾನು ತೋರುಬೆರಳಲ್ಲಿ ಎಳೆದೆ, ಗೆರೆ ನೇರವಾಗಿ ಬಂತು.